ಹುಣಸೂರಿನಲ್ಲಿ ಬಿದ್ದ ನಾಲ್ಕು ಗೋಲು: ಒಂದು ನಿಷ್ಪಕ್ಷಪಾತ ವಿಮರ್ಶೆ

ಸೋಲನ್ನು ಆಕಸ್ಮಿಕವೆಂದು ತಿಳಿಯುವ ಊರುಗಳಿವೆ. ನಮ್ಮ ಪಿರಿಯಾಪಟ್ಟಣ ಅದನ್ನು ಒಂದು ಋತುವೆಂದು ತಿಳಿದಿದೆ. ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳಿಗೆ ವರ್ಷದ ಮೊದಲ ಬೆಂಕಿ ಬೀಳುವ ಹೊತ್ತಿಗೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ಊರುಗಳ ಫುಟ್‌ಬಾಲ್ ಪಂದ್ಯಾವಳಿ ಆರಂಭವಾಗುತ್ತದೆ. ಆರಂಭವಾದ ಭಾನುವಾರವೇ ನಮ್ಮ ತಂಡ ಸೋಲುತ್ತದೆ. ಸೋಮವಾರದಿಂದ ಇಡೀ ಊರು ಅದರ ಕಾರಣವನ್ನು ಹುಡುಕುತ್ತದೆ. ಹುಡುಕಿ ಮುಗಿಯುವಷ್ಟರಲ್ಲಿ ಪಂದ್ಯಾವಳಿಯೇ ಮುಗಿದಿರುತ್ತದೆ.

ಮೈದಾನದ ಎದುರಿನ ಮನೆಯಲ್ಲಿ ಹುಟ್ಟಿದ ತಪ್ಪಿಗೆ ನಾನು ಏಳನೆಯ ವಯಸ್ಸಿನಿಂದಲೂ ಈ ತಂಡದ ಅಭಿಮಾನಿ. ನಮ್ಮ ಮಹಡಿಯಿಂದ ಮೈದಾನದ ಅರ್ಧ ಮಾತ್ರ ಕಾಣುತ್ತದೆ. ಉಳಿದರ್ಧವನ್ನು ನೀರಿನ ಟ್ಯಾಂಕು ನುಂಗಿಕೊಂಡಿದೆ. ಪೂರ್ತಿ ಆಟ ನೋಡುವ ಆಸೆಯಿಂದ ಮಹಡಿ ಇಳಿದು ಗೆರೆಯ ಪಕ್ಕಕ್ಕೆ ಬಂದವಳು ಮತ್ತೆ ಹತ್ತಲಿಲ್ಲ. ಕನ್ನಡ ಸಾಹಿತ್ಯದಲ್ಲಿ ಎಂ.ಎ. ಮುಗಿಸಿದ ಮೇಲೆ ನನ್ನ ಅಭಿಮಾನಕ್ಕೆ ವಿಮರ್ಶೆಯ ಶಿಸ್ತೂ ಸೇರಿಕೊಂಡಿತು. ಇವೆರಡೂ ಒಂದೇ ಎದೆಯೊಳಗೆ ಇರುವುದು ಆರೋಗ್ಯಕ್ಕೆ ಒಳ್ಳೆಯದಲ್ಲವೆಂಬುದು ಈ ವರ್ಷ ತಿಳಿಯಿತು.

ಹುಣಸೂರಿನಲ್ಲಿ ಆದದ್ದು

ಮೊದಲ ಪಂದ್ಯ ಹುಣಸೂರಿನಲ್ಲಿ, ಹುಣಸೂರಿನವರ ಮೇಲೆ. ಈ ಸಲ ನಮ್ಮ ತಂಡಕ್ಕೆ ಹೊಸ ಅಂಗಿಗಳು ಬಂದಿದ್ದವು. ಕೊಡಿಸಿದವರು ಒಂದು ಗೊಬ್ಬರದ ಅಂಗಡಿಯವರಾದ್ದರಿಂದ ಹನ್ನೊಂದು ಬೆನ್ನುಗಳ ಮೇಲೂ ಗೊಬ್ಬರದ ಚೀಲದ ಚಿತ್ರವಿತ್ತು. ನಮ್ಮವರು ಮೈದಾನಕ್ಕೆ ಇಳಿದ ಹತ್ತು ನಿಮಿಷಕ್ಕೆ ಹುಣಸೂರಿನ ಪ್ರೇಕ್ಷಕರ ಸಾಲಿನಿಂದ ಒಂದು ಧ್ವನಿ ಎದ್ದಿತು: "ಲೇ, ಅಷ್ಟೊಂದು ಗೊಬ್ಬರ ಆಕವ್ರೆ, ಒಂದಾದ್ರೂ ಮೊಳ್ತದ ನೋಡ್ಲಾ!"

ಒಂದೂ ಮೊಳೆಯಲಿಲ್ಲ.

ಪಂದ್ಯವನ್ನು ಚಿತ್ರೀಕರಿಸಿ ಊರಿಗೆ ಒಂದು ದಾಖಲೆ ಉಳಿಸಬೇಕೆಂಬುದು ನನ್ನ ಬಹುದಿನದ ಆಸೆ. ನನ್ನ ಫೋನಿನ ಬ್ಯಾಟರಿ ಹುಣಸೂರು ತಲುಪುವ ಮೊದಲೇ ಕಣ್ಣು ಮುಚ್ಚಿದ್ದರಿಂದ ನಮ್ಮ ಗೋಲ್‌ಕೀಪರ್ ತನ್ನ ಫೋನನ್ನೇ ಬಿಚ್ಚುಮನಸ್ಸಿನಿಂದ ಕೊಟ್ಟ. ಊರಿನಲ್ಲಿ ಎಲ್ಲರೂ ಅವನನ್ನು ಗೋಲಿ ಎನ್ನುತ್ತಾರೆ. ಮೂರು ವರ್ಷ ಬದಲಿ ಆಟಗಾರನಾಗಿ ಗೆರೆಯಾಚೆ ಕೂತು, ನೀರಿನ ಬಾಟಲಿ ಎಸೆದು, ಹಳೆಯ ಗೋಲ್‌ಕೀಪರ್ ಮದುವೆಯಾಗಿ ಕೆ.ಆರ್. ನಗರದ ಮಾವನ ಮನೆ ಸೇರಿದ ಮೇಲೆ ಅವನಿಗೆ ಕೈಗವಸು ದೊರಕಿತ್ತು. ಇದು ಅವನ ಮೊಟ್ಟಮೊದಲ ಪಂದ್ಯ. ನಾನು ಅವನ ಬೆನ್ನ ಹಿಂದೆ, ಬಲೆಯ ಆಚೆ ನಿಂತು ಚಿತ್ರೀಕರಿಸಿದೆ.

ಮೊದಲ ಗೋಲು ಬಿದ್ದಾಗ ನಮ್ಮ ರಕ್ಷಣಾ ಆಟಗಾರರೆಲ್ಲ ಮೈದಾನದ ಆ ಕೊನೆಯಲ್ಲಿದ್ದರು. ಎರಡನೆಯದನ್ನು ನಾನು ಕಣ್ಣಾರೆ ಕಾಣಲಿಲ್ಲ. ಕೈಯಲ್ಲಿದ್ದ ಫೋನು ಏನೋ ರಗಳೆ ಮಾಡಿತು, ತಲೆ ತಗ್ಗಿಸಿ ಅದನ್ನು ಸುಮ್ಮನಾಗಿಸಿ ಮುಖ ಎತ್ತುವಷ್ಟರಲ್ಲಿ ಚೆಂಡು ಬಲೆಯೊಳಗಿತ್ತು. ಮೂರನೆಯದು ವಿರಾಮದ ನಂತರ, ಚೆಂಡನ್ನು ನಾವೇ ಎದುರಾಳಿಗೆ ಒಪ್ಪಿಸಿದ್ದರಿಂದ ಬಿತ್ತು. ನಾಲ್ಕನೆಯ ಗೋಲಿನ ಬಗ್ಗೆ ಯಾರಲ್ಲೂ ಭಿನ್ನಾಭಿಪ್ರಾಯವಿಲ್ಲ. ಅದು ಬಿದ್ದಾಗ ನಮ್ಮ ಹನ್ನೊಂದು ಜನರೂ ವೃತ್ತಾಕಾರವಾಗಿ ನಿಂತು, ಮೂರನೆಯ ಗೋಲು ಯಾರ ತಪ್ಪೆಂದು ಚರ್ಚಿಸುತ್ತಿದ್ದರು.

ವಿಮರ್ಶಕರ ಆಯ್ಕೆ

ಸೋಮವಾರ ಸಂಜೆ ಬಸ್ ನಿಲ್ದಾಣದ ಹಿಂದಿನ ಟೀ ಅಂಗಡಿಯಲ್ಲಿ ಸಭೆ ಸೇರಿತು. ತಂಡದ ತರಬೇತುದಾರರು ನಿವೃತ್ತ ಪಿ.ಟಿ. ಮೇಷ್ಟ್ರು. ಕೊರಳಿನ ಪೀಪಿಯನ್ನು ಊಟಕ್ಕೆ ಕೂರುವಾಗಲೂ ತೆಗೆಯದವರು. ಅಂದು ಅದನ್ನು ಒಮ್ಮೆ ಊದಿ, ಟೀ ಲೋಟಗಳ ಸದ್ದನ್ನು ಅಡಗಿಸಿ ಹೇಳಿದರು:

"ನೋಡಿ, ಪ್ರತಿವರ್ಷ ಬಾಯಲ್ಲಿ ಕಿತ್ತಾಡ್ತೀವಿ, ಗಾಳಿಗೆ ಹೋಗುತ್ತೆ. ಈ ವರ್ಷ ಎಲ್ಲ ಬರವಣಿಗೆಯಲ್ಲಿ ಬರಲಿ. ಯಾರ ತಪ್ಪಿನಿಂದ ಗೋಲು ಬಿತ್ತು ಅಂತ ಒಂದು ವರದಿ. ತಪ್ಪು ಮಾಡಿದೋರೆಲ್ಲ ಅಲ್ಲ, ಎಲ್ಲರಿಗಿಂತ ದೊಡ್ಡ ತಪ್ಪು ಯಾರದ್ದು ಅಂತ ಕೊನೇಲಿ ಒಂದೇ ಹೆಸರು. ಆ ಹೆಸರಿನೋರು ಮುಂದಿನ ಭಾನುವಾರ ಕೋಟೆ ಮೇಲಿನ ಪಂದ್ಯಕ್ಕೆ ಮೈದಾನದ ಒಳಗೆ ಕಾಲಿಡಂಗಿಲ್ಲ."

ಎಲ್ಲರೂ ಒಪ್ಪಿದರು. ತನ್ನ ಹೆಸರು ಬರುವುದಿಲ್ಲವೆಂಬ ದೃಢವಾದ ನಂಬಿಕೆ ಪ್ರತಿಯೊಬ್ಬನ ಮುಖದಲ್ಲೂ ಬೆಳಗುತ್ತಿತ್ತು. ಗೋಲಿಯೊಬ್ಬ ಮಾತ್ರ ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದ. ಅವನಿಗೆ ಮನೆಯಲ್ಲಿ ಅಪ್ಪ ವಿಧಿಸಿದ್ದ ಷರತ್ತು ಊರಿಗೆಲ್ಲ ಗೊತ್ತು: "ಇದೊಂದು ಸೀಸನ್ನು ಕಣ್ಲಾ. ಆಡುಸ್ದಷ್ಟು ದಿನ ಆಡು. ಒಂದ್ಸಲ ಕೂರುಸುದ್ರು ಅಂದ್ರೆ ಸೀದಾ ಬ್ಯಾರನ್ ತಾವು ಬಂದ್‌ಬುಡು, ಆಮ್ಯಾಕೆ ಚೆಂಡಿನ ಮಾತೆತ್ತಬ್ಯಾಡ." ಬೇರೆಯವರಿಗೆ ಹೋಗುವುದು ಒಂದು ಪಂದ್ಯ, ಅವನಿಗೆ ಹೋಗುವುದು ಫುಟ್‌ಬಾಲೇ.

ವರದಿ ಬರೆಯುವವರು ಯಾರೆಂಬ ಪ್ರಶ್ನೆ ಎದ್ದಾಗ ಟೀ ಅಂಗಡಿಯ ಅಣ್ಣ ಬೆರಳೆತ್ತದೆ, ಬರೀ ಗದ್ದದಿಂದ ನನ್ನ ಕಡೆ ತೋರಿಸಿದರು. ನನ್ನ ಹೃದಯ ತುಂಬಿ ಬಂತು. ಎರಡು ವರ್ಷ ನಾನು ಓದಿದ ವಿಮರ್ಶಾ ತತ್ತ್ವಗಳಿಗೆ ಕಡೆಗೂ ಸಮಾಜದಲ್ಲೊಂದು ಉಪಯೋಗ ದೊರೆಯುತ್ತಿತ್ತು. "ನನ್ನನ್ನೇ ಆರಿಸಲು ಕಾರಣ?" ಎಂದು ವಿನಯದಿಂದ ಕೇಳಿದೆ.

"ಎಮ್ಮೆ ಓದಿದೀಯ ಕಣವ್ವ," ಎಂದು ಅವರು ಹಾಲು ಎತ್ತಿ ಹೊಯ್ಯುತ್ತಲೇ ಹೇಳಿದರು. "ಖಾಲಿ ಬ್ಯಾರೆ ಇದ್ದೀಯ."

ಮುಂದೆ ಜಾಗ ಐತೆ

ನನ್ನ ಬಳಿ ಮೊದಲು ಬಂದವನು ನಾಯಕ. ಅವನು ಕುಶಾಲನಗರದ ಕಡೆ ಓಡುವ ಒಂದು ಖಾಸಗಿ ಬಸ್ಸಿನ ಕಂಡಕ್ಟರು. ಮೈದಾನದಲ್ಲಿ ರಕ್ಷಣೆಯ ಸಾಲಿನ ಮುಖ್ಯಸ್ಥ. ಬಂದವನು ಕೂರಲಿಲ್ಲ. ಕಂಬಿ ಹಿಡಿದು ನಿಲ್ಲುವ ಅಭ್ಯಾಸದಿಂದ ನಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತ.

"ಅಕ್ಕ, ಮೊದಲ್ನೇ ಗೋಲು ನನ್ ತಪ್ಪಲ್ಲ. ನಮ್ ಹುಡುಗ್ರು ಜಾಗ ಬುಟ್ಟು ಮುಂದುಕ್ಕೆ ಹೋದ್ರು. ನಾನೇನ್ ಮಾಡ್ಲಿ?"

"ಅವರು ಮುಂದಕ್ಕೆ ಹೋದದ್ದೇಕೆ?" ಎಂದು ಕೇಳಿದೆ. ವಿಮರ್ಶಕಿಯಾದವಳು ಕಾರಣದ ಹಿಂದಿನ ಕಾರಣವನ್ನು ಅರಸಬೇಕು.

"ಅದೇ ಅಕ್ಕ ನಂಗೂ ಗೊತ್ತಾಯ್ತಿಲ್ಲ."

ನಾನು ಚಿತ್ರೀಕರಣವನ್ನು ಅಷ್ಟರಲ್ಲಾಗಲೇ ನನ್ನ ಫೋನಿಗೆ ತರಿಸಿಕೊಂಡು ನಾಲ್ಕು ಬಾರಿ ನೋಡಿದ್ದೆ. ಹುಣಸೂರಿನವರು ಬಳಸಿದ ಕೆಲವು ಮಾತುಗಳು ಅಪ್ಪ ಮನೆಯಲ್ಲಿದ್ದಾಗ ಕೇಳಿಸುವಂಥವಲ್ಲವಾದ್ದರಿಂದ ಪ್ರತಿಬಾರಿಯೂ ಧ್ವನಿಯನ್ನು ಪೂರ್ತಿ ಅಡಗಿಸಿ ನೋಡುತ್ತಿದ್ದೆ. ಆದರೆ ನಾಯಕ ಅಂದು ಮೈದಾನದಲ್ಲಿ ಕೂಗಿದ್ದನ್ನು ಕೇಳಲು ಯಾವ ಯಂತ್ರವೂ ಬೇಕಿರಲಿಲ್ಲ. ಹುಣಸೂರಿನ ಅರ್ಧ ಊರಿಗೆ ಅದು ಕೇಳಿಸಿತ್ತು.

"ನೀನು ಆವತ್ತು ಏನೆಂದು ಕೂಗುತ್ತಿದ್ದೆ, ಒಮ್ಮೆ ಕೂಗಿ ತೋರಿಸು."

ಅವನು ಗಂಟಲು ಸರಿಮಾಡಿಕೊಂಡ. ದಿನಕ್ಕೆ ಆರು ಟ್ರಿಪ್ಪು ಕೂಗಿ ಪಳಗಿದ ಆ ಗಂಟಲಿನಿಂದ ತಾನಾಗಿಯೇ ಹೊರಬಂತು: "ಮುಂದುಕ್ ನಡೀರಿ, ಮುಂದುಕ್ ನಡೀರಿ, ಮುಂದೆ ಜಾಗ ಖಾಲಿ ಐತೆ, ಬಾಗ್ಲಲ್ ನಿಂತ್ಕಬೇಡಿ, ನಡೀರಿ!"

ಕೂಗಿ ಮುಗಿಸಿದವನೇ ಬಾಯಿ ಮುಚ್ಚಿಕೊಂಡ. ಒಳಗೆ ನಮ್ಮ ಅಮ್ಮ, ಯಾರು ಏನೆಂದು ಕೇಳದೆ, ಬಾಗಿಲ ಬಳಿ ಗುಡಿಸುತ್ತಿದ್ದವರು ಪೊರಕೆ ಸಮೇತ ನಾಲ್ಕು ಹೆಜ್ಜೆ ಮುಂದೆ ಸರಿದು ನಿಂತಿದ್ದರು.

ಇಲ್ಲದ ಗೋಡೆ

ಬುಧವಾರ ಪಿ.ಟಿ. ಮೇಷ್ಟ್ರು ಬಂದರು. ಕೂತು, ಕಾಫಿ ಕುಡಿದು, ನಮ್ಮ ಅಪ್ಪನ ಜೊತೆ ಮಳೆಯ ವಿಷಯ ಮಾತಾಡಿ, ಹೊರಡಲು ಎದ್ದು, ಚಪ್ಪಲಿ ಹಾಕಿಕೊಂಡ ಮೇಲೆ, "ಅಂದಹಾಗೆ ಆ ವರದಿಯಲ್ಲಿ ಗೋಡೆ ವಿಷಯ ಬೇಡಮ್ಮ," ಎಂದರು.

ಗೋಡೆಯ ವಿಷಯ ಇಷ್ಟೆ. ಮಳೆಗಾಲದಲ್ಲಿ ನಮ್ಮ ಮೈದಾನದಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ಹಾಗಾಗಿ ಮೂರು ತಿಂಗಳ ಅಭ್ಯಾಸವನ್ನು ಮೇಷ್ಟ್ರು ಪರಿಚಯದವರೊಬ್ಬರ ಎರಡು ಗೋದಾಮುಗಳ ನಡುವಿನ ಓಣಿಯಲ್ಲಿ ನಡೆಸಿದರು. ಓಣಿಯ ಅಗಲ ಒಂದು ಲಾರಿ ನುಗ್ಗುವಷ್ಟು. ಎರಡೂ ಕಡೆ ಎತ್ತರದ ಗೋಡೆ. ಎದುರಾಳಿ ಅಡ್ಡಬಂದರೆ ಚೆಂಡನ್ನು ಗೋಡೆಗೆ ಒದ್ದು, ಅದು ಮರಳಿ ಬರುವಷ್ಟರಲ್ಲಿ ಎದುರಾಳಿಯನ್ನು ಬಳಸಿಕೊಂಡು ಓಡಿ, ಮತ್ತೆ ಕಾಲಿಗೆ ತೆಗೆದುಕೊಳ್ಳುವ ಕಲೆಯಲ್ಲಿ ನಮ್ಮವರು ಅಪ್ರತಿಮರಾದರು. ಆ ಓಣಿಯಲ್ಲಿ ಪಂದ್ಯ ನಡೆದಿದ್ದರೆ ನಮ್ಮನ್ನು ಸೋಲಿಸುವವರು ಈ ಜಿಲ್ಲೆಯಲ್ಲಿ ಹುಟ್ಟಿಲ್ಲ.

ಹುಣಸೂರಿನ ಮೈದಾನಕ್ಕೆ ಗೋಡೆ ಇರಲಿಲ್ಲ.

ನಮ್ಮವರು ಮಾತ್ರ ತೊಂಬತ್ತು ನಿಮಿಷವೂ ಚೆಂಡನ್ನು ಪಕ್ಕಕ್ಕೆ ಜೋರಾಗಿ ಒದ್ದು, ಮುಂದಕ್ಕೆ ಓಡಿ, ಅದು ಮರಳಿ ಬರುವುದನ್ನು ಕಾಯುತ್ತಾ ನಿಂತರು. ಚೆಂಡು ಪ್ರೇಕ್ಷಕರ ನಡುವೆ, ಕಡಲೆಕಾಯಿ ಗಾಡಿಯ ಕೆಳಗೆ, ಒಮ್ಮೆ ರಸ್ತೆಯಾಚೆ ಹೋಯಿತು. ಮೂರನೆಯ ಗೋಲು ಹೀಗೆ ಕೊಟ್ಟ ಚೆಂಡಿನಿಂದಲೇ ಹುಟ್ಟಿದ್ದು.

"ಆದರೆ ಸಾರ್, ಸತ್ಯವನ್ನು ಮುಚ್ಚಿಡುವುದು ವಿಮರ್ಶೆಯ ಧರ್ಮವಲ್ಲ," ಎಂದೆ.

ಮೇಷ್ಟ್ರು ಕೊರಳಿನ ಪೀಪಿಯನ್ನು ಒಮ್ಮೆ ತಿರುಗಿಸಿದರು. "ಸರಿ, ಬರಿ. ಆದರೆ ತಪ್ಪು ಅಂತ ಬರೀಬೇಡ. ಹುಣಸೂರಿನವರು ಗೋಡೆ ಕಟ್ಟಿಸಿಲ್ಲ ಅಂತ ಬರಿ."

ಆರು ಜೋಳದ ತೆನೆ

ಗುರುವಾರ ಮಧ್ಯಾಹ್ನ ಬಂದವರು ಗೋಲಿಯ ತಾಯಿ. ಸೆರಗಿನ ತುಂಬ ಆರು ಎಳೆಯ ಜೋಳದ ತೆನೆ. ಮಗನನ್ನು ಉಳಿಸಿಕೊಡಬೇಕೆಂದು ಕೇಳಲು ಬಂದಿದ್ದಾರೆಂದು ಭಾವಿಸಿ, ತೆನೆಗಳನ್ನು ಮುಟ್ಟದೆ, ನಾನು ಗಂಭೀರವಾಗಿ ಕುಳಿತೆ.

"ನೋಡಿ, ನನಗೆ ನಿಮ್ಮ ಮೇಲೆ ಗೌರವವಿದೆ. ಆದರೆ ಶಿಫಾರಸಿಗೆ ಮಣಿದು ನಾನು ಯಾರ ಹೆಸರನ್ನೂ ಕೈಬಿಡಲಾರೆ."

"ಕೈಬುಡಬ್ಯಾಡ ಕಣ್ ಮಗಾ," ಎಂದರು ಅವರು. "ಬರ್ದುಬುಡು. ನಾಕುಕ್ ನಾಕೂ ಅವ್ನುದೇ ತಪ್ಪು ಅಂತ ಬರ್ದುಬುಡು. ನಿಂಗೆ ಕೈ ಮುಗೀತೀನಿ."

ನನ್ನ ಇಡೀ ನಿಲುವು ಕುಸಿಯಿತು. ಇಂಥ ಸಂದರ್ಭಕ್ಕೆ ನನ್ನ ಓದಿನಲ್ಲಿ ಯಾವ ಪೂರ್ವನಿದರ್ಶನವೂ ಇರಲಿಲ್ಲ.

"ಸೊಪ್ಪು ಬೇಯ್ಸೋ ಕಾಲ ಕಣವ್ವ ಇದು," ಎಂದು ಅವರು ವಿವರಿಸಿದರು. "ಬ್ಯಾರನ್ ಒಳಗ್ಲ ಬಿಸಿ ಒಂಚೂರು ಯೆಚ್ಚುಕಮ್ಮಿ ಆದ್ರೆ ಎಲೆಯೆಲ್ಲಾ ಕರ‍್ರಗಾಯ್ತದೆ. ಅರ್ಧ ಗಂಟೆಗೊಂದ್ಸಲ ಗಾಜಿನ್ ಕಡ್ಡಿ ನೋಡ್ಬೇಕು. ಅದ್ಕೇಯ ಅವ್ನು ಫೋನಲ್ಲಿ ಅದೇನೋ ಮಡುಗವ್ನೆ, ಅರ್ಧ ಗಂಟೆಗೊಂದ್ಸಲ ಕೋಳಿ ಕೂಗ್ದಂಗ್ ಕೂಗ್ತದೆ. ಅದು ಕೂಗ್ತು ಅಂದ್ರೆ ಉಣ್ತಾ ಇರ್ಲಿ, ಮಲ್ಗಿರ್ಲಿ, ಎದ್ದು ಮನೆ ಹಿಂದ್ಲ ಬ್ಯಾರನ್ ಕಡೀಕ್ ತಿರುಗ್ ಬುಡ್ತಾನೆ. ಅಂಥ ಮಗ. ಅವ್ನ್ ಹೋಗಿ ಆ ಬಲೆ ಮುಂದೆ ನಿಂತ್ಕಂಡ್ರೆ ಇಲ್ಲಿ ಬೆಂಕಿ ಯಾರ್ ನೋಡೋರು? ಅವ್ರಪ್ಪನ್ ನೆಚ್ಕಂಡ್ರೆ ಸೊಪ್ಪಲ್ಲ, ಬ್ಯಾರನ್ನೇ ಬೆಂದೋಯ್ತದೆ."

"ಹಾಗಿದ್ದರೆ ನೀವೇ ಅವನಿಗೆ ಆಡಬೇಡವೆಂದು ಹೇಳಬಹುದಲ್ಲ?"

ಅವರು ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ನಾ ಎಂಗವ್ವ ಏಳ್ಲಿ? ಮೂರು ವರ್ಸ ಬಾಟ್ಲಿ ಎಸ್ಕಂಡು ಕುಂತಿದ್ದ. ಆ ಕೈಗವ್ಸ ಬಂದ್ ದಿವ್ಸ ಅದುನ್ನ ತೊಟ್ಕಂಡೇ ಮುದ್ದೆ ಮುರುದ. ಅಂಥೋನ್ಗೆ ಬ್ಯಾಡ ಅನ್ನಕೆ ನಂಗೆ ಬಾಯಿ ಬರಕಿಲ್ಲ. ನೀನಾದ್ರೆ ಓದ್ದೋಳು. ನಿಂಗೆ ಸಲೀಸು."

ತೆನೆಗಳನ್ನು ಅಲ್ಲಿಯೇ ಬಿಟ್ಟು ಹೋದರು. ನಿಷ್ಪಕ್ಷಪಾತಕ್ಕೆ ಧಕ್ಕೆ ಬಾರದಿರಲೆಂದು ನಾನು ಅವನ್ನು ತಿನ್ನಲಿಲ್ಲ. ಅಪ್ಪ ಆರನ್ನೂ ಸುಟ್ಟುಕೊಂಡು, ಉಪ್ಪು ಖಾರ ಹಚ್ಚಿಕೊಂಡು, ನನ್ನ ಎದುರೇ ಕೂತು ನಿಷ್ಪಕ್ಷಪಾತವಾಗಿ ತಿಂದರು.

ಧ್ವನಿಸಹಿತ

ಶುಕ್ರವಾರ ಸಂಜೆ ಟೀ ಅಂಗಡಿಯಲ್ಲಿ ವರದಿಯ ವಾಚನ. ಹನ್ನೆರಡು ಪುಟ. ಮೇಷ್ಟ್ರ ಅಳಿಯ, ಗೋಲ್‌ಕೀಪರ್ ಸ್ಥಾನ ತೆರವಾಗುವುದೆಂಬ ವದಂತಿ ಕೇಳಿ ಕೈಗವಸು ತೊಟ್ಟುಕೊಂಡೇ ಸಭೆಗೆ ಬಂದಿದ್ದ. ಟೀ ಲೋಟ ಹಿಡಿಯಲು ಬಹಳ ಕಷ್ಟಪಡುತ್ತಿದ್ದ.

ನಾನು ಎದ್ದು ನಿಂತು ಓದಿದೆ. ನಾಯಕನ ಕೂಗಿಗೆ ಎಲ್ಲರೂ ನಕ್ಕರು. ಇಲ್ಲದ ಗೋಡೆಗೆ ಇನ್ನೂ ಹೆಚ್ಚು ನಕ್ಕರು. ನಾಲ್ಕನೆಯ ಗೋಲನ್ನು ಸಾಮೂಹಿಕ ಜವಾಬ್ದಾರಿಯೆಂದು ಹೇಳಿ ಕೈತೊಳೆದುಕೊಂಡಿದ್ದೆ. ಉಳಿದದ್ದು ಎರಡನೆಯದು. ನಾಲ್ಕು ದಿನ ನನ್ನನ್ನು ಕಾಡಿದ ಗೋಲು. ಧ್ವನಿಯಿಲ್ಲದ ಆ ದೃಶ್ಯವನ್ನು ಎಷ್ಟು ಬಾರಿ ನೋಡಿದರೂ ಅದರಲ್ಲಿ ಒಂದೇ ಸಂಗತಿ ಕಾಣುತ್ತಿತ್ತು: ಹುಣಸೂರಿನ ಆಟಗಾರ ಚೆಂಡಿನೊಂದಿಗೆ ಓಡಿ ಬರುತ್ತಿದ್ದಾನೆ, ಗೋಲಿ ಇದ್ದಕ್ಕಿದ್ದಂತೆ ಅವನಿಗೆ ಬೆನ್ನು ಮಾಡಿ, ನೇರವಾಗಿ ಕ್ಯಾಮೆರಾದ ಕಡೆ ತಿರುಗುತ್ತಾನೆ.

ಮನಸ್ಸಿಗೆ ನೋವಾಗುತ್ತಿದ್ದರೂ ಸತ್ಯಕ್ಕೆ ತಲೆಬಾಗಿ ಓದಿದೆ: "ಇನ್ನಿತರ ತಪ್ಪುಗಳು ಅಭ್ಯಾಸಬಲದಿಂದ ಆದವು, ಕ್ಷಮಾರ್ಹ. ಆದರೆ ಆಟದ ನಿರ್ಣಾಯಕ ಗಳಿಗೆಯಲ್ಲಿ ಗೋಲ್‌ಕೀಪರನು ಚೆಂಡನ್ನು ಕಡೆಗಣಿಸಿ, ಯಾವ ಪ್ರಚೋದನೆಯೂ ಇಲ್ಲದೆ, ಚಿತ್ರೀಕರಣದ ಕಡೆ ಮುಖ ಮಾಡಿದ್ದಾನೆ. ಇದು ಪ್ರಚಾರಪ್ರಿಯತೆಯ ಸ್ಪಷ್ಟ ಲಕ್ಷಣ. ಆದ್ದರಿಂದ, ಅತ್ಯಂತ ವಿಷಾದದಿಂದ..."

ಗೋಲಿ ನನ್ನನ್ನೇ ನೋಡುತ್ತಿದ್ದ. ಬಾಯಿ ತೆರೆದ, ಮತ್ತೆ ಮುಚ್ಚಿದ. ತನ್ನ ಕೈಗವಸನ್ನು ಜೇಬಿನಿಂದ ತೆಗೆದು, ಮಡಚಿ, ಬೆಂಚಿನ ಮೇಲೆ ಇಟ್ಟ. ಅಳಿಯ ತಾನು ತೊಟ್ಟದ್ದು ಸಾಲದೆ ಅದರತ್ತಲೂ ಕೈ ಚಾಚಿದ.

"ತಡೀರ‍್ಲಾ," ಎಂದರು ಟೀ ಅಂಗಡಿಯ ಅಣ್ಣ. "ಅದೇನ್ ತಿರುಗ್ದ, ಒಂದ್ಸಲ ನೋಡ್ಬುಡವಾ." ನನ್ನ ಫೋನನ್ನು ಗೋಡೆಯ ಟಿವಿಗೆ ಜೋಡಿಸಿದರು. ಮೂರನೆಯ ಮನೆಗೆ ಕೇಳುವಂತೆ ಧ್ವನಿ ಏರಿಸಿಡುವುದು ಆ ಟಿವಿಯ ಬಹುಕಾಲದ ಪದ್ಧತಿ.

ದೃಶ್ಯ ಮೂಡಿತು. ಹುಣಸೂರಿನವನು ಓಡಿ ಬರುತ್ತಿದ್ದಾನೆ. ಗೋಲಿ ಮೊಣಕಾಲು ಬಗ್ಗಿಸಿ, ಎರಡೂ ಕೈ ಚಾಚಿ, ಬಹಳ ಸೊಗಸಾಗಿ ನಿಂತಿದ್ದಾನೆ. ಆಗ ಟಿವಿಯೊಳಗಿಂದ ಗಟ್ಟಿಯಾಗಿ ಒಂದು ಕೋಳಿ ಕೂಗಿತು.

ಕೋಳಿಯ ಬೆನ್ನಿಗೇ ಒಬ್ಬ ಹೆಣ್ಣುಮಗಳ ಗಾಬರಿಯ ಧ್ವನಿ. ಪರಿಚಿತ ಧ್ವನಿ. ನನ್ನದೇ ಧ್ವನಿ:

"ಅಯ್ಯೋ ತಮ್ಮಾ! ಫೋನಿನಲ್ಲಿ ಬ್ಯಾರನ್ ಬ್ಯಾರನ್ ಅಂತ ಬರ್ತಾ ಇದೆ, ಏನು ಮಾಡ್ಲಿ? ಇಲ್ಲಿ ನೋಡು, ಬೇಗ ನೋಡು!"

ಗೋಲಿ ತಿರುಗಿದ. ನೋಡಿದ. ಚೆಂಡು ಅವನ ಬೆನ್ನ ಹಿಂದಿನಿಂದ ಬಂದು ಬಲೆಗೆ ಬಿತ್ತು. ನನ್ನ ಧ್ವನಿ ಮತ್ತೆ, ತೃಪ್ತಿಯಿಂದ: "ಹಾ, ನಿಂತಿತು."

ಅಂಗಡಿಯಲ್ಲಿ ನಗು ಎದ್ದ ಬಗೆಯನ್ನು ವರ್ಣಿಸಲು ನಾನು ಕಲಿತ ಅಲಂಕಾರಗಳು ಸಾಲವು. ನಾಯಕ ಕಂಬಿ ಸಿಗದೆ ಟೀ ಅಂಗಡಿಯ ಅಣ್ಣನನ್ನೇ ಹಿಡಿದುಕೊಂಡ. ನಾನು ಆ ಹನ್ನೆರಡು ಪುಟಗಳಿಂದ ಮುಖ ಮುಚ್ಚಿಕೊಂಡು, ಗೋಲಿಯನ್ನು ಕೇಳಿದೆ: "ನಿನಗೆ ಗೊತ್ತಿತ್ತಲ್ಲ, ಸುಮ್ಮನೆ ಏಕೆ ಕೂತಿದ್ದೆ?"

"ನೀವು ಅಷ್ಟ್ ಕಷ್ಟಪಟ್ಟು ಬರ‍್ದಿದ್ರಿ ಅಕ್ಕ," ಎಂದ ಅವನು. "ಓದ್ತಾನೂ ಚೆನ್ನಾಗ್ ಓದ್ತಿದ್ರಿ. ನಡುಮಧ್ಯ ತಡೀಬಾರ‍್ದು ಅನ್ನುಸ್ತು."

ಮೇಷ್ಟ್ರು ಪೀಪಿ ಊದಿದರು. "ನಿಯಮ ನಿಯಮವೇ. ಎಲ್ಲರಿಗಿಂತ ದೊಡ್ಡ ತಪ್ಪು ಯಾರದ್ದೋ ಅವರು ಭಾನುವಾರ ಮೈದಾನದ ಒಳಗೆ ಕಾಲಿಡಂಗಿಲ್ಲ."

"ಸಾರ್, ಆದರೆ ನಾನು ಆಡುವವಳೇ ಅಲ್ಲವಲ್ಲ!"

"ಆಡ್ದೇನೇ ನಮ್ ಮೇಲೆ ಒಂದ್ ಗೋಲ್ ಹೊಡ್ಸಿದೀರಿ," ಎಂದ ನಾಯಕ ಕಣ್ಣೊರೆಸಿಕೊಳ್ಳುತ್ತಾ. "ಆಡಿದ್ರೆ ನಮ್ ಗತಿ ಏನಕ್ಕ?"

ಅರ್ಧ ಮೈದಾನ

ಭಾನುವಾರ ನಮ್ಮೂರಿನಲ್ಲಿಯೇ ಎಚ್.ಡಿ. ಕೋಟೆಯ ಮೇಲೆ ಪಂದ್ಯ. ಹದಿನೈದು ವರ್ಷಗಳ ನಂತರ ನಾನು ಮತ್ತೆ ಮಹಡಿ ಹತ್ತಿದೆ. ನೀರಿನ ಟ್ಯಾಂಕು ಇನ್ನಷ್ಟು ದಪ್ಪವಾದಂತೆ ಕಂಡಿತು.

ಕೋಟೆಯವರು ಕಾಡಂಚಿನ ಹಾಡಿಗಳಿಂದಲೂ ಆಟಗಾರರನ್ನು ಕರೆತರುತ್ತಾರೆ. ಅವರ ಓಟಕ್ಕೆ ನಾಲ್ಕು ತಾಲ್ಲೂಕಿನಲ್ಲಿ ಸಮಾನರಿಲ್ಲ. ಅವರದೊಂದೇ ಷರತ್ತು: ಪಂದ್ಯ ಹೊತ್ತಿಗೆ ಸರಿಯಾಗಿ ಮುಗಿಯಬೇಕು. ಅಂದು ರೆಫರಿ ಹದಿನೈದು ನಿಮಿಷ ತಡವಾಗಿ ಬಂದು ಕ್ಷಮೆ ಕೇಳಿದಾಗ ಅವರ ನಾಯಕ ಹೇಳಿದ್ದು ನನ್ನ ಮಹಡಿಗೂ ಕೇಳಿಸಿತು: "ನಾವೇನೋ ಕಾಯ್ತೀವಿ ಸಾರ್. ದಾರೀಲಿ ಆನೆ ಕಾಯಕಿಲ್ಲ."

ಆಟ ಆರಂಭವಾಗಿ ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಏದುಸಿರು ಕೇಳಿತು. ಗೋಲಿಯ ತಾಯಿ. ಕೈಯಲ್ಲಿ ಮಗನ ಫೋನು.

"ಮಡಿಕ್ಕೊ ಅಂತ ಕೊಟ್ಟೋದ," ಎಂದರು. "ಇದ್ನ ಮೈದಾನದಿಂದ ದೂರ ಮಡುಗಬೇಕಂತೆ."

"ಮತ್ತೆ ಬ್ಯಾರನ್ ಬಳಿ ಯಾರಿದ್ದಾರೆ?"

"ಅವ್ರಪ್ಪ ಅವ್ನೆ."

"ಅವರನ್ನು ನೆಚ್ಚುವ ಹಾಗಿಲ್ಲ ಅಂದಿರಲ್ಲ?"

"ಬ್ಯಾರನ್ ತಾವು ಕುಂತ್ರೆ ಮೈದಾನ ಕಾಣಕಿಲ್ವಲ್ಲವ್ವ," ಎಂದು ಅವರು ನನ್ನ ಪಕ್ಕ ಕೂತರು. ಅಲ್ಲಿಗೆ ಆ ವಿಷಯ ಮುಗಿಯಿತು.

ವಿರಾಮಕ್ಕೆ ಮುನ್ನ ನಮ್ಮವರು ಒಂದು ಗೋಲು ಹೊಡೆದರು. ಅದು ಟ್ಯಾಂಕಿನ ಹಿಂದೆ ನಡೆದದ್ದರಿಂದ ನಮಗೆ ಸಿಕ್ಕಿದ್ದು ಚಪ್ಪಾಳೆ ಮಾತ್ರ. ವಿರಾಮದ ನಂತರ ತಂಡಗಳು ಬದಿ ಬದಲಾಯಿಸಿದವು, ಗೋಲಿ ಟ್ಯಾಂಕಿನ ಹಿಂದೆ ಹೋದ. ನಾಯಕ ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಆಡುತ್ತಿದ್ದ, ಮೇಷ್ಟ್ರ ಆಜ್ಞೆ. ಆಟ ಮುಗಿಯಲು ಇನ್ನೇನು ಎರಡು ಮೂರು ನಿಮಿಷ ಇರುವಾಗ ಟ್ಯಾಂಕಿನ ಹಿಂದಿನಿಂದ ಪೀಪಿ ಕೇಳಿತು. ಮೈದಾನದ ಕಾಣುವ ಅರ್ಧದಲ್ಲಿದ್ದವರೆಲ್ಲ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟರು. ಕೆಳಗೆ ಯಾರೋ ಹೇಳಿದರು, "ಪೆನಾಲ್ಟಿ ಕಣ್ಲಾ, ಕೋಟೆಯೋರ‍್ಗೆ."

"ಅಂಗಂದ್ರೇನವ್ವ?" ಎಂದು ತಾಯಿ ಕೇಳಿದರು.

"ಚೆಂಡಿನೆದುರು ನಿಮ್ಮ ಮಗ ಒಬ್ಬನೇ ನಿಲ್ಲುತ್ತಾನೆ. ಹಿಡಿದರೆ ನಾವು ಗೆದ್ದಂತೆ. ಬಿಟ್ಟರೆ..."

ಊರಿಗೆ ಊರೇ ಸುಮ್ಮನಾಯಿತು. ಆ ಮೌನದೊಳಗೆ, ತಾಯಿಯ ಮಡಿಲಿನಲ್ಲಿ, ಕೋಳಿ ಬಾಯಿ ತೆರೆಯಿತು.

ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ಫೋನನ್ನು ಸೆರಗಿನಲ್ಲಿ ಸುತ್ತಿ, ನೆಲಕ್ಕೆ ಹಾಕಿ, ಅದರ ಮೇಲೆ ಕೂತುಬಿಟ್ಟರು. ಅವರ ಕೆಳಗಿನಿಂದ ಕೋಳಿ ಕ್ಷೀಣವಾಗಿ ಕೂಗುತ್ತಲೇ ಇತ್ತು. "ಕೂಗ್ಕೊ," ಎಂದು ಹಲ್ಲುಕಚ್ಚಿ ಅದಕ್ಕೆ ಹೇಳಿದರು. "ಸೊಪ್ಪು ಸುಟ್ರೆ ಸುಟ್ಟೋಗ್ಲಿ. ನನ್ ಮಗ ಮಾತ್ರ ಇತ್ತಾಗ್ ತಿರುಗ್ ಬಾರ‍್ದು." ಏನಾದರೂ ಸಲಹೆ ಕೊಡುವ ಚಪಲ ನನಗೂ ಬಂದೀತೆಂದು ನಾನು ನನ್ನ ಬಾಯನ್ನು ಎರಡೂ ಕೈಗಳಿಂದ ಮುಚ್ಚಿಕೊಂಡೆ.

ಚೆಂಡು ಒದ್ದ ಸದ್ದು ಕೇಳಿತು. ಆಮೇಲೆ ಒಂದು ಭಾರಿ ಕೂಗು. ಯಾರ ಕೂಗೆಂದು ತಿಳಿಯಲಿಲ್ಲ. ಸಂತೋಷಕ್ಕೂ ಸಂಕಟಕ್ಕೂ ನಾಲ್ಕು ತಾಲ್ಲೂಕಿನವರೂ ಒಂದೇ ಥರ ಕೂಗುತ್ತಾರೆ. ತಾಯಿ ನನ್ನ ಮೊಣಕೈಯನ್ನು ಹಿಂಡುತ್ತಿದ್ದರು. ಆಗ ಟ್ಯಾಂಕಿನ ಹಿಂದಿನಿಂದ ಗೋಲಿ ಓಡಿ ಬಂದ. ಚೆಂಡನ್ನು ಎದೆಗೆ ಅವುಚಿಕೊಂಡಿದ್ದ. ರೆಫರಿ ಕರೆಯುತ್ತಿದ್ದರೂ ಕೇಳದೆ ಮೈದಾನದ ನಡುವೆ ನಿಂತು, ನಮ್ಮ ಮಹಡಿಯ ಕಡೆ ಅದನ್ನು ಎರಡೂ ಕೈಯಿಂದ ಎತ್ತಿ ತೋರಿಸಿದ.

"ಹಿಡುದ್ನಾ?" ಎಂದರು ತಾಯಿ, ಕಣ್ಣಿನಿಂದ ನೀರು ಸುರಿಸುತ್ತಾ. ಆಮೇಲೆ ಎದ್ದು ನಿಂತು, "ಆಟ ಆಯ್ತಲ್ಲ, ಓಡ್ಲಾ, ಬ್ಯಾರನ್ ನೋಡೋಗ್ಲಾ!" ಎಂದು ಕೂಗಿದರು.

ಸಂಜೆ ತಂಡವೇ ನಮ್ಮ ಮನೆ ಬಾಗಿಲಿಗೆ ಬಂತು. ಶಿಕ್ಷೆ ಮುಗಿಯಿತೆಂದು ನಾನು ಸಂಭ್ರಮದಿಂದ ಹೊರಗೆ ಬಂದೆ. ಗೆಲುವಿನ ವಿಮರ್ಶೆಯ ಮೊದಲ ವಾಕ್ಯವೂ ಸಿದ್ಧವಾಗಿತ್ತು.

"ಮುಂದಿನ ಭಾನುವಾರ ಕೆ.ಆರ್. ನಗರದ ಮೇಲೆ ಪಂದ್ಯ," ಎಂದರು ಪಿ.ಟಿ. ಮೇಷ್ಟ್ರು. "ನೀನು, ಗೋಲಿ ಅವ್ವ, ಆ ಫೋನು, ಮೂರೂ ಇದೇ ಮಹಡಿ ಮೇಲೆ ಇದೇ ಜಾಗದಲ್ಲಿ ಕೂತಿರಬೇಕು."

"ಸಾರ್, ಆ ಪಂದ್ಯ ನಡೆಯುವುದು ಕೆ.ಆರ್. ನಗರದಲ್ಲಲ್ಲವೇ?"

"ಹೌದಮ್ಮ, ಅಲ್ಲೇ. ನಾವು ಅಲ್ಲಿಗೆ ಹೋಗ್ತೀವಿ. ನೀವು ಇಲ್ಲೇ ಕೂತಿರಿ. ಗೆದ್ದ ಮೇಲೆ ಯಾರನ್ನೂ ಅವರ ಜಾಗದಿಂದ ಕದಲಿಸಬಾರದು."

ತಂಡದ ಹಿತಕ್ಕಿಂತ ದೊಡ್ಡದು ಏನಿದೆ? ಮರು ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ನಾವಿಬ್ಬರೂ ಫೋನಿನ ಸಮೇತ ಮಹಡಿಯ ಮೇಲೆ ಶಿಸ್ತಾಗಿ ಕೂತೆವು. ಎದುರಿಗೆ ಖಾಲಿ ಮೈದಾನ. ಅದರಲ್ಲಿ ಎರಡು ಎಮ್ಮೆಗಳು ಮೇಯುತ್ತಿದ್ದವು. ಮೇಯುತ್ತಾ ಮೇಯುತ್ತಾ ಅವು ನೀರಿನ ಟ್ಯಾಂಕಿನ ಹಿಂದೆ ಮರೆಯಾದಾಗಲೆಲ್ಲ, ಗೋಲಿಯ ತಾಯಿ ಉಸಿರು ಬಿಗಿಹಿಡಿದು ನನ್ನ ಮೊಣಕೈಯನ್ನು ಹಿಂಡುತ್ತಿದ್ದರು.